ಮಿಲ್ಲಿನ ಮನೆಯವರು ನಡೆಯುವುದಿಲ್ಲ

ಹೋದ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಮಾನ್ವಿಯಲ್ಲಿ ನಾನು, ನಮ್ಮಕ್ಕ ಇಬ್ಬರೂ ವಾಕಿಂಗ್ ಹೊರಟೆವು. ಆರೂ ಇಪ್ಪತ್ತಕ್ಕೆ ಟಂಟಂ ಆಟೋದಲ್ಲಿ ಕೂತು ಮನೆಗೆ ವಾಪಸ್ ಬಂದೆವು.

ನಗಬೇಡಿ. ನಡೆಯಲು ನಾವಂತೂ ತಯಾರಿದ್ದೆವು. ಊರು ನಡೆಯಗೊಡಬೇಕಲ್ಲ?

ಮನೆ ಬಿಟ್ಟು ಎರಡು ನಿಮಿಷ ಆಗಿರಲಿಲ್ಲ, ಗೊಬ್ಬರದ ಅಂಗಡಿಯ ಮಾಲೀಕರು ಪಕ್ಕದಲ್ಲಿ ಬೈಕ್ ನಿಲ್ಲಿಸಿದರು. "ಯಾಕ್ರೀ ಅಕ್ಕಾರ, ಕಾರು ಕೆಟ್ಟದೇನ್ರೀ? ಒಂದು ಫೋನ್ ಮಾಡಿದ್ರ ನಾ ಬರ್ತಿದ್ದಿಲ್ಲೇನು?" ಕಾರು ಸರಿಯಾಗಿದೆ, ಸುಮ್ಮನೆ ನಡೆಯುತ್ತಿದ್ದೇವೆ ಎಂದೆ. ಅವರು ನಂಬಲಿಲ್ಲ. ದನಿ ತಗ್ಗಿಸಿ, "ಏನರ ತ್ರಾಸಿದ್ರ ಹೇಳ್ರಿ, ನಾವು ಹೊರಗಿನವರಲ್ಲ" ಎಂದು ಹೋದರು. ಆಮೇಲೆ ಹಾಲಿನವನು. ಅವನದೂ ಅದೇ ಪ್ರಶ್ನೆ, ಅದೇ ಅನುಕಂಪ. ಮೂರನೆಯವನು ಟಂಟಂ ಓಡಿಸುವ ಹುಸೇನಪ್ಪ. ಅಕ್ಕನ ಮನೆಯವರ ಅಕ್ಕಿ ಮಿಲ್ಲಿನಲ್ಲಿ ಮೊದಲು ಹಮಾಲಿ ಮಾಡಿದವನು. ಅವನು ಮಾತಿಗೂ ಕಾಯಲಿಲ್ಲ, ಗಾಡಿಯನ್ನು ನಮ್ಮ ಮುಂದೆ ಅಡ್ಡ ತಂದು ನಿಲ್ಲಿಸಿದ.

"ನಾ ಸತ್ತೀನೇನ್ರೀ ಯವ್ವಾ, ನೀವು ಹಿಂಗ ನಡಕೊಂತ ಹೋಗಾಕ? ಹತ್ರಿ ಗಾಡಿ."

ಇದಕ್ಕೆ ಏನೆಂದು ಉತ್ತರ ಕೊಡುತ್ತೀರಿ? ಹತ್ತಿದೆವು.

ನಮ್ಮ ಕಡೆ ನಡೆಯುವುದಕ್ಕೆ ಒಂದು ಕಾರಣ ಬೇಕು. ಒಂದೋ ನಿಮ್ಮ ಹತ್ತಿರ ಗಾಡಿ ಇರಬಾರದು, ಇಲ್ಲವೇ ಹರಕೆ ಇರಬೇಕು. ಶ್ರೀಶೈಲಕ್ಕೆ ನಡೆದು ಹೊರಟವರಿಗೆ ದಾರಿಯುದ್ದಕ್ಕೂ ಮಜ್ಜಿಗೆ ಕೊಟ್ಟು ಕಾಲು ಮುಗಿಯುತ್ತಾರೆ. ಶುಗರ್ ಇಳಿಸಲು ನಡೆದು ಹೊರಟವರಿಗೆ ಲಿಫ್ಟ್ ಕೊಡುತ್ತಾರೆ.

ಆ ಇಪ್ಪತ್ತು ನಿಮಿಷದಲ್ಲಿ ಇನ್ನೂ ಒಂದು ಸಂಗತಿ ನಡೆಯಿತು. ಅದನ್ನು ಹೇಳುವ ಮೊದಲು ನಮ್ಮಕ್ಕ ಯಾರೆಂದು ಹೇಳಬೇಕು.

ಅಕ್ಕನ ಹೆಸರು ಶರಣಮ್ಮ. ನನಗಿಂತ ಏಳು ವರ್ಷ ದೊಡ್ಡವಳು, ಈಗ ಅರವತ್ತು. ನಾನು ರಾಯಚೂರಿನಲ್ಲಿ ಕಾಲೇಜು ಮಕ್ಕಳಿಗೆ ಕನ್ನಡ ಹೇಳಿಕೊಂಡು ಇದ್ದೇನೆ (ಅವರು ಕೇಳಿಸಿಕೊಳ್ಳುತ್ತಾರೆ ಎಂದು ನಾನು ಹೇಳಿಲ್ಲ). ಅಕ್ಕ ಹದಿನೆಂಟಕ್ಕೆ ಮಾನ್ವಿಯ ಅಕ್ಕಿ ಮಿಲ್ಲಿನವರ ಮನೆಗೆ ಸೊಸೆಯಾಗಿ ಹೋದಳು. ಹೋದ ಮೊದಲ ವಾರವೇ ಅವಳ ಮಾವ ಹೇಳಿದರಂತೆ: "ನಮ್ಮ ಸೊಸಿ ರೋಡಿನ ಮ್ಯಾಲ ಕಾಲಿಡಬಾರದು." ಸಿಟ್ಟಿನಿಂದಲ್ಲ, ಪ್ರೀತಿಯಿಂದ ಹೇಳಿದ್ದು. ಬಂದ ಲಕ್ಷ್ಮಿಯ ಕಾಲಿಗೆ ಧೂಳು ಹತ್ತಬಾರದು ಎಂದು. ಮೊದಲು ಜೀಪು ಇತ್ತು, ಆಮೇಲೆ ಕಾರು ಬಂತು. ಗುಡಿಗೆ ಕಾರು, ಸಂತೆಗೆ ಕಾರು, ಎರಡು ಮನೆ ದಾಟಿದರೆ ಸಿಗುವ ಬೀಗರ ಮನೆಗೂ ಕಾರು.

ಹೋದ ತಿಂಗಳು ಅವಳನ್ನು ರಾಯಚೂರಿಗೆ ಕರೆಸಿ ಡಾಕ್ಟರಿಗೆ ತೋರಿಸಿದೆ. ರಿಪೋರ್ಟ್ ನೋಡಿ ಡಾಕ್ಟರು ಕನ್ನಡಕ ತೆಗೆದಿಟ್ಟರು. ಡಾಕ್ಟರು ಕನ್ನಡಕ ತೆಗೆದರೆಂದರೆ ನನಗೆ ಹೆದರಿಕೆ.

"ದಿನಾ ಎಷ್ಟು ನಡೀತೀರಿ ಅಮ್ಮಾ?"

"ಅಡಗಿಮನಿಯಿಂದ ದೇವರಮನಿಗಿ" ಎಂದಳು ಅಕ್ಕ.

ಮೂರು ತಿಂಗಳು ಟೈಮ್ ಕೊಟ್ಟಿದ್ದಾರೆ. ಅನ್ನ ಕಡಿಮೆ ಆಗಬೇಕು, ದಿನಕ್ಕೆ ಅರ್ಧ ಗಂಟೆ ಹೊರಗೆ ನಡೆಯಬೇಕು. ಆಗದಿದ್ದರೆ ಇನ್ಸುಲಿನ್. ಜೊತೆಗೆ ಇನ್ನೊಂದು ಮಾತು ಹೇಳಿದರು. "ಕಾಲು ಜೋಪಾನ. ಅಂಗಾಲಿನ ನರ ಸೊರಗಾಕ ಹತ್ತ್ಯಾವ. ಹೋದದ್ದು ವಾಪಸ್ ಬರೋದು ಕಷ್ಟ. ಇದ್ದದ್ದನ್ನು ಉಳಿಸ್ಕೋರಿ. ಸಣ್ಣ ಗಾಯ ಆದ್ರೂ ಗೊತ್ತಾಗಂಗಿಲ್ಲ, ಅದೇ ದೊಡ್ಡದಾಗಿ ಕಾಲಿಗೇ ಬರ್ತದ. ಬರಿಗಾಲಿಲೆ ಅಂತೂ ಅಡ್ಡಾಡಬ್ಯಾಡ್ರಿ." ಅಕ್ಕ ತಲೆಯಾಡಿಸಿದಳು. ಹೊರಗೆ ಬಂದ ಮೇಲೆ, "ಡಾಕ್ಟರ್ ಮಂದಿ ಹೆದರಸ್ತಾರ ಬೇ" ಎಂದಳು.

ಊಟದ ಕಥೆ ಕೇಳಿ. "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂದು ಗಾದೆ ಇದೆ. ಅಕ್ಕನ ಗಂಡ, ನಮ್ಮ ಮಾಮ, ಎರಡನ್ನೂ ಬಲ್ಲವರು. ಆದರೂ ಆ ಮನೆಯಲ್ಲಿ ರೋಗವೂ ಇದೆ, ಜಗಳವೂ ಇದೆ. ಅಲ್ಲಿ ರೊಟ್ಟಿ ಮಾಡುವುದಿಲ್ಲ ಎಂದಲ್ಲ. ಶಾಸ್ತ್ರಕ್ಕೆ ಒಂದು ರೊಟ್ಟಿ, ಅದರ ಮೇಲೆ ಗುಡ್ಡದಷ್ಟು ಅನ್ನ. "ನಮ್ಮ ಮಿಲ್ಲಿನ ಅಕ್ಕಿ ನಾವ ಉಣ್ಣಲಿಲ್ಲ ಅಂದ್ರ ಊರ ಮಂದಿ ಹೆಂಗ ಕೊಳ್ತಾರ?" ಎನ್ನುವುದು ಮಾಮನ ವಾದ. ಡಾಕ್ಟರು ಹೇಳಿದ ಮೇಲೆ ಅಕ್ಕ ಬೆಳಗಿನ ಅನ್ನ ಬಿಟ್ಟಿದ್ದಾಳೆ. ಬದಲಿಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನುತ್ತಾಳೆ. ಯಕ್ಕಾ, ಮಂಡಕ್ಕಿ ಯಾತರದ್ದು, ಅಕ್ಕಿದೇ ಅಲ್ಲೇನು ಎಂದರೆ, "ಅದು ಹಗೂರ ಇರ್ತದಲ್ಲ" ಎನ್ನುತ್ತಾಳೆ. ತೂಕದ ಲೆಕ್ಕದಲ್ಲಿ ಅವಳ ಮಾತು ಸರಿ.

ನಾನೇನು ಸಾಚಾ ಅಲ್ಲ. ರಾಯಚೂರಿನಲ್ಲಿ ಏಳಕ್ಕೆಲ್ಲ ಬಿಸಿಲು ಬೆನ್ನು ಸುಡುತ್ತದೆ ಎಂಬ ನೆಪ ಹಿಡಿದು ನಾನೂ ಮನೆಯೊಳಗೇ ನಡೆಯುತ್ತೇನೆ. ಟಿವಿಯಿಂದ ಫ್ರಿಜ್ಜಿಗೆ, ಫ್ರಿಜ್ಜಿನಿಂದ ಟಿವಿಗೆ. ಮೊಬೈಲು ಸ್ಟೆಪ್ಸ್ ಎಣಿಸುತ್ತದೆ. ಫ್ರಿಜ್ಜಿನ ಮುಂದೆ ನಿಂತು ಏನು ತಿಂದೆ ಎಂದು ಎಣಿಸುವುದಿಲ್ಲ, ಪುಣ್ಯಕ್ಕೆ.

ಆದರೆ ಅಕ್ಕ ಹೀಗಿರಲಿಲ್ಲ. ಇದೇ ನನಗೆ ತಡೆಯಲಾಗದ್ದು.

ನಮ್ಮದು ದೇವದುರ್ಗ ತಾಲ್ಲೂಕಿನ ಗಬ್ಬೂರು. ಊರಿಂದ ಹೊಲಕ್ಕೆ ಒಂದು ತಾಸಿನ ದಾರಿ. ರಜೆಯ ದಿನ ಅಪ್ಪನಿಗೆ ಬುತ್ತಿ ಒಯ್ಯುವುದು ನಮ್ಮಿಬ್ಬರ ಕೆಲಸ. ತಲೆಯ ಮೇಲೆ ಬುತ್ತಿಯ ಬುಟ್ಟಿ, ಅದರಲ್ಲಿ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು. ಬುಟ್ಟಿಗೆ ಕೈ ಹಚ್ಚದೆ ಅಕ್ಕ ಮುಂದೆ ಮುಂದೆ ನಡೆಯುತ್ತಿದ್ದಳು. ಅವಳ ಹಿಂದೆ ನಾನು ಅರ್ಧ ಓಟ, ಅರ್ಧ ಅಳು. ಇಬ್ಬರದೂ ಬರಿಗಾಲು. ಎರೆ ಹೊಲದ ಬದುವಿನಲ್ಲಿ ನೆಗ್ಗಿನ ಮುಳ್ಳು ಎಲ್ಲಿದೆ ಎಂದು ಅವಳ ಅಂಗಾಲಿಗೆ ಕಣ್ಣಿಗಿಂತ ಮೊದಲೇ ತಿಳಿಯುತ್ತಿತ್ತು. ತಾನು ತುಳಿದ ಕ್ಷಣವೇ, "ಲೇ ಗಿರಿಜಿ, ಇಲ್ಲಿ ಮುಳ್ಳದಾವ, ಬಲಕ್ಕ ಬಾ" ಎಂದು ಹಿಂದೆ ತಿರುಗದೆಯೇ ಕೂಗುತ್ತಿದ್ದಳು. ಮಳೆ ಬಿದ್ದ ಮರುದಿನ ಎರೆಮಣ್ಣು ಅಂಗಾಲಿಗೆ ಮೆತ್ತಿ ಇಬ್ಬರೂ ಎರಡು ಬೆರಳು ಎತ್ತರವಾಗುತ್ತಿದ್ದೆವು. ಆಗ ಯಾರೂ ಅದನ್ನು ವಾಕಿಂಗ್ ಎನ್ನಲಿಲ್ಲ, ಸಜ್ಜೆಯನ್ನು ಮಿಲೆಟ್ ಎನ್ನಲಿಲ್ಲ. ಅದಕ್ಕೇ ಇರಬೇಕು, ಬಿಟ್ಟದ್ದೂ ಗೊತ್ತಾಗಲಿಲ್ಲ.

ಅಕ್ಕನ ಹಿಂದೆ ಇನ್ನೊಮ್ಮೆ ಹಾಗೆ ನಡೆಯಬೇಕು ಎನ್ನುವುದು ನನ್ನ ಬಹುದಿನದ ಆಸೆ. ಅದಕ್ಕೇ ಶನಿವಾರ ಸಂಜೆ ಬಸ್ಸು ಹಿಡಿದು ಮಾನ್ವಿಗೆ ಹೋದದ್ದು, ಭಾನುವಾರ ಅವಳನ್ನು ಎಬ್ಬಿಸಿ ರಸ್ತೆಗೆ ಇಳಿಸಿದ್ದು.

ಈಗ ಆ ಸಂಗತಿ. ಹಾಲಿನವನು ಹೋಗಿದ್ದ, ಹುಸೇನಪ್ಪ ಇನ್ನೂ ಬಂದಿರಲಿಲ್ಲ. ಅಕ್ಕ ಎರಡು ಹೆಜ್ಜೆ ಮುಂದಿದ್ದಳು, ಮೊಮ್ಮಗಳ ಸುದ್ದಿ ಹೇಳುತ್ತಿದ್ದಳು. ನಾನು ಯಾಕೋ ಹಿಂದೆ ತಿರುಗಿದೆ. ಹತ್ತು ಮಾರು ಹಿಂದೆ ರಸ್ತೆಯ ಮೇಲೆ ಒಂದು ಚಪ್ಪಲಿ ಬಿದ್ದಿತ್ತು. ಅಕ್ಕನದೇ, ಎಡಗಾಲಿನದು. ಅದು ಜಲ್ಲಿ ಎದ್ದ ರಸ್ತೆ. ಅಕ್ಕ ಅದೇ ಜಲ್ಲಿಯ ಮೇಲೆ ಒಂದು ಕಾಲು ಬರಿದಾಗಿ ನಡೆಯುತ್ತಲೇ ಇದ್ದಳು, ಮಾತಾಡುತ್ತಲೇ ಇದ್ದಳು.

"ಯಕ್ಕಾ, ಚಪ್ಪಲಿ" ಎಂದೆ.

ಅವಳು ನಿಂತು ಕೆಳಗೆ ನೋಡಿದಳು. ಬೇರೆ ಯಾರದೋ ಕಾಲನ್ನು ನೋಡುವಂತೆ ನೋಡಿದಳು. ನಾನು ಓಡಿಹೋಗಿ ಚಪ್ಪಲಿ ತಂದೆ, ಕೂತು ತೊಡಿಸಿದೆ. ಕಣ್ಣಲ್ಲಿ ನೀರು ಬಂತು ನನಗೆ, ಅವಳಿಗಲ್ಲ. "ಯಾರ ಮುಂದೂ ಹೇಳಬ್ಯಾಡ" ಎಂದಳು. ಅಷ್ಟರಲ್ಲಿ ಟಂಟಂ ಬಂತು.

ಮಧ್ಯಾಹ್ನದ ಹೊತ್ತಿಗೆ ಮಾಮನ ಫೋನು ಬಿಸಿಯಾಗಿತ್ತು. ಗೊಬ್ಬರದ ಅಂಗಡಿಯಿಂದ ಸುದ್ದಿ ಹೊರಟು, ಅಡತಿ ಅಂಗಡಿಗಳನ್ನು ಸುತ್ತಿ, ಬಾಲ ಬೆಳೆಸಿಕೊಂಡು ಮನೆಗೆ ಬಂದಿತ್ತು. "ಮಿಲ್ ಮಾರಾಕತ್ತೀರಂತ, ಖರೆ ಏನ್ರೀ?" ಎಂದು ಒಬ್ಬರು. "ಕಾರು ಮಾರಿದ್ರಂತ?" ಎಂದು ಇನ್ನೊಬ್ಬರು. ಮಾಮ ಫೋನು ಇಟ್ಟು ನನ್ನ ಕಡೆ ತಿರುಗಿದರು.

"ಏನವಾ ಗಿರಿಜಾ, ನಲವತ್ತು ವರ್ಷ ಕಟ್ಟಿದ ಮರ್ಯಾದಿ ಇಪ್ಪತ್ತು ನಿಮಿಷದಾಗ ತಗದ್ರಲ್ಲ! ನಡಿಯೋದಿದ್ರ ಮಾಳಗಿ ಮ್ಯಾಲ ನಡೀರಿ. ಮಷಿನ್ ತರಸ್ತೀನಿ, ಮನ್ಯಾಗ ನಡೀರಿ. ರೋಡ್ ಯಾಕ?"

ಯಾರ ಮುಂದೂ ಹೇಳಬೇಡ ಎಂದಿದ್ದಳು ಅಕ್ಕ. ಹೇಳಿಬಿಟ್ಟೆ.

"ಮಾಮಾ, ಮುಂಜಾನಿ ಅಕ್ಕನ ಚಪ್ಪಲಿ ಕಾಲಾಗಿಂದ ಬಿತ್ತು. ಅದು ಬಿದ್ದದ್ದ ಆಕಿಗಿ ಗೊತ್ತಾಗಲಿಲ್ಲ. ಜಲ್ಲಿ ಮ್ಯಾಲ ಹಂಗ ನಡಕೊಂತ ಹೋದಳು."

ಅಕ್ಕ ಕುರ್ಚಿಯ ಮೇಲೆ ಕೂತಿದ್ದಳು, ನನ್ನ ಮೇಲೆ ಕಣ್ಣು ಕೆಕ್ಕರಿಸಿದಳು. ಮಾಮ ಎದ್ದು ಬಂದು ಅವಳ ಮುಂದೆ ನೆಲಕ್ಕೆ ಕೂತರು. ಅವಳ ಎಡಗಾಲನ್ನು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಗಂಡ ಹೆಂಡತಿಯ ಕಾಲು ಮುಟ್ಟುವುದೆಂದರೆ ನಮ್ಮ ಕಡೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. "ಥೂ, ಬಿಡ್ರಿ, ಪಾಪ ಬರ್ತದ" ಎಂದು ಅಕ್ಕ ಎಳೆದುಕೊಂಡಳು. ಅವರು ಬಿಡಲಿಲ್ಲ. ಉಗುರಿನಿಂದ ಅಂಗಾಲಿನ ನಡುವೆ ಒತ್ತಿದರು.

"ಗೊತ್ತಾಗ್ತದೇನು?"

"ಇಲ್ರೀ."

"ಈಗ?"

"ಇಲ್ಲ."

ಆಮೇಲೆ ಅವರು ಬೆರಳುಗಳ ಹತ್ತಿರ ಒತ್ತಿದರು, ಹಿಮ್ಮಡಿಯ ಹತ್ತಿರ ಒತ್ತಿದರು. ಹಿಮ್ಮಡಿಯಲ್ಲಿ ಸ್ವಲ್ಪ ಗೊತ್ತಾಗುತ್ತದೆ ಎಂದಳು. ಅಷ್ಟಕ್ಕೇ ಮಾಮನ ಮುಖ ಅರಳಿತು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟು ನಿಂತೆ.

ಆ ರಾತ್ರಿ ಮಾಮ ತಮ್ಮ ತಟ್ಟೆಗೇ ಮೊದಲು ರೊಟ್ಟಿ ಹಾಕಿಸಿಕೊಂಡರು. ಎರಡು ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಕೊನೆಗೆ ಒಂದು ಹಿಡಿ ಅನ್ನ. ಅನ್ನ ನೋಡಿಕೊಂಡು ಹೊಸ ಅಳಿಯನಂತೆ ಸಂಕೋಚದಿಂದ ಕೂತಿದ್ದರು, ಪಾಪ. ಕೈ ತೊಳೆಯುವಾಗ ತೀರ್ಪು ಕೊಟ್ಟರು: "ರೋಡು ಬ್ಯಾಡ. ಮಿಲ್ಲಿನ ಕಣ ನಮ್ಮದಾ ಅದಲ್ಲ, ದಿನಾ ಅಲ್ಲಿ ನಡೀಲಿ. ಅಲ್ಲಿ ಯಾವನು ಲಿಫ್ಟ್ ಕೊಡ್ತಾನ ನೋಡೂಣು."

ಮಿಲ್ಲಿನ ಹಿಂದೆ ಕುದಿಸಿದ ಭತ್ತವನ್ನು ಒಣಗಿಸುವ ಸಿಮೆಂಟಿನ ಕಣವಿದೆ. ಹೆಣ್ಣಾಳುಗಳು ಸಾಲಾಗಿ ಭತ್ತದೊಳಗೆ ಕಾಲೆಳೆಯುತ್ತಾ ನಡೆಯುತ್ತಾರೆ, ಕೆಳಗಿನ ಕಾಳು ಮೇಲೆ ಬರುತ್ತದೆ. ದಿನವಿಡೀ ಅದೇ ನಡಿಗೆ. ಅಕ್ಕ ನಲವತ್ತೆರಡು ವರ್ಷದಿಂದ ಮಾಳಿಗೆಯ ಕಿಟಕಿಯಿಂದ ಅದನ್ನು ನೋಡುತ್ತಾ ಬಂದಿದ್ದಾಳೆ. ಮಾಲೀಕರ ಮನೆಯ ಹೆಣ್ಣುಮಗಳು ಆಳುಗಳ ಸಾಲಿಗೆ ಇಳಿಯುವುದುಂಟೇ? ಒಮ್ಮೆ ನನ್ನ ಹತ್ತಿರ ಹೇಳಿದ್ದಳು, "ಅವರು ನಗಕೊಂತ ನಡಿಯೋದು ನೋಡಿದ್ರ ನನಗ ಗಬ್ಬೂರಿನ ಹೊಲ ನೆನಪಾಗ್ತದ ಬೇ."

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಕಣಕ್ಕೆ ಹೋದೆವು. ಹೆಣ್ಣಾಳುಗಳು ಆಗಲೇ ಭತ್ತದ ಗುಂಪೆ ಹರವುತ್ತಿದ್ದರು. ಅಕ್ಕನನ್ನು ಕಂಡು ಕೆಲಸ ನಿಲ್ಲಿಸಿದರು. ಅವರಲ್ಲಿ ಹಿರಿಯಳಾದ ಈರಮ್ಮ, "ಬರ್ರಿ ಯವ್ವಾ, ಏನರ ತಪ್ಪಾಗ್ಯದೇನ್ರೀ?" ಎಂದಳು. "ಏನಿಲ್ಲ, ನಾನೂ ನಡೀಬೇಕಂತ" ಎಂದಳು ಅಕ್ಕ. ಅವರಿಗೆ ನಗು ತಡೆಯಲಿಲ್ಲ. ಅಕ್ಕನಿಗೂ.

ಡಾಕ್ಟರು ಹೇಳಿದ ಮೆತ್ತನೆಯ ಚಪ್ಪಲಿ, ಹಿಂದೆ ಪಟ್ಟಿ ಇರುವುದು, ಭಾನುವಾರ ಸಂಜೆಯೇ ತರಿಸಿ ಬಿಗಿಯಾಗಿ ಹಾಕಿಸಿದ್ದೆ. ಕಣದ ಅಂಚು ಹಿಡಿದು ಅಕ್ಕ ಇಪ್ಪತ್ತೈದು ನಿಮಿಷ ನಡೆದಳು. ಮೊದಲು ಗೋಡೆ ಹಿಡಿದು, ಆಮೇಲೆ ಬಿಟ್ಟು. ನಾನು ಬೇಕೆಂದೇ ಹಿಂದೆ ಉಳಿದೆ. ಬೆನ್ನು ಸ್ವಲ್ಪ ಬಾಗಿದೆ, ಹೆಜ್ಜೆ ಸಣ್ಣದಾಗಿದೆ, ಆದರೂ ನಮ್ಮಕ್ಕ ನನ್ನ ಮುಂದೆ ನಡೆಯುತ್ತಿದ್ದಳು. ನನಗೆ ಇನ್ನೇನೂ ಬೇಕಿರಲಿಲ್ಲ.

ಮುಗಿಸಿ ಹೊರಡುವಾಗ ಅವಳು ಬಗ್ಗಿ ಚಪ್ಪಲಿಯ ಪಟ್ಟಿ ಬಿಚ್ಚತೊಡಗಿದಳು. "ಯಕ್ಕಾ, ಡಾಕ್ಟರ್ ಏನಂದಾರ?" ಎಂದು ಗದರಿದೆ. "ನಾಕ ಹೆಜ್ಜಿ ಬೇ. ನೀ ಕೈ ಹಿಡಕೋ" ಎಂದಳು. ಹಿಡಿದುಕೊಂಡೆ. ನಾನೂ ಚಪ್ಪಲಿ ಬಿಟ್ಟೆ. ಇಬ್ಬರೂ ಭತ್ತದೊಳಗೆ ಇಳಿದೆವು. ನಾಲ್ಕು ಹೆಜ್ಜೆ ಇಟ್ಟು ಅಕ್ಕ ನಿಂತಳು, ತನ್ನ ಪಾದ ನೋಡಿಕೊಂಡಳು, ನನ್ನ ಪಾದ ನೋಡಿದಳು.

"ಗಿರಿಜಿ, ನಿನಗ ನೆಲ್ಲು ಚುಚ್ಚಾಕತ್ತಾವೇನು?"

"ಹೂಂ ಯಕ್ಕಾ, ಚುಚ್ತಾವು."

"ಹೆಂಗ ಚುಚ್ತಾವ? ಚೂರು ಹೇಳು, ಕೇಳ್ತೀನಿ."

ಮೂವತ್ತು ವರ್ಷ ಭಾಷೆ ಪಾಠ ಮಾಡಿದವಳು ನಾನು. ಒಂದು ಪದ ಸಿಗಲಿಲ್ಲ.

ಇವತ್ತು ಬೆಳಿಗ್ಗೆ ಮಂಚದಿಂದ ಕಾಲು ಕೆಳಗಿಟ್ಟಾಗ ನೆಲ ತಣ್ಣಗಿತ್ತೋ, ಬಿಸಿಯಿತ್ತೋ, ನಿಮಗಾದರೂ ಗೊತ್ತಾಯಿತಾ?