ಸಿಂಹಿಣಿಯ ಪಂಕ್ತಿಯಲ್ಲಿ

ಪರದೇಶದಲ್ಲಿ ನಾನಿದ್ದ ಲಿಟಲ್ ಐಲ್ಯಾಂಡ್ ಎಂಬ ಊರಿನ ನಮ್ಮ ಆಫೀಸು ಮುಚ್ಚಿ ಎಲ್ಲರೂ ಮನೆಯಿಂದ ಕೆಲಸ ಮಾಡತೊಡಗಿದ ಮೇಲೂ ಬೆಳಿಗ್ಗೆ ಹೊರಗೆ ಹೋಗಲು ನನಗೊಂದು ಕಾರಣವಿತ್ತು. ಮನೆಯಿಂದ ಮೂರು ಕಿಲೋಮೀಟರ್ ದೂರದಲ್ಲಿ, ದನ ಮೇಯುವ ಹೊಲಗಳ ಹಿಂದೆ, ಸರ್ಕಸ್ಸುಗಳಿಂದ ಬಿಡಿಸಿ ತಂದ ಪ್ರಾಣಿಗಳ ಆಶ್ರಯತಾಣವಿತ್ತು. ಮೊದಲು ಶನಿವಾರಕ್ಕೊಮ್ಮೆ ಹೋಗಿ ಹುಲ್ಲು ಬಾಚುತ್ತಿದ್ದೆ. ಲಾಕ್‌ಡೌನ್ ಬಂದ ಮೇಲೆ ಪ್ರತಿದಿನವೂ ಹೋಗಬೇಕಾಯಿತು. ಅಲ್ಲಿದ್ದ ಸಿಂಹಿಣಿಯನ್ನು ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದ, ಆ ಊರಿನವರೇ ಆದ ಅಜ್ಜನಿಗೆ ಎಪ್ಪತ್ತು ದಾಟಿತ್ತು. ಎಪ್ಪತ್ತು ದಾಟಿದವರು ಮನೆಯಿಂದ ಹೊರಬರುವಂತಿರಲಿಲ್ಲ.

ಅಜ್ಜ ಫೋನಿನಲ್ಲಿ ಹೇಳಿದ್ದನ್ನೆಲ್ಲ ನಂಬರ್ ಹಾಕಿ ಬರೆದುಕೊಂಡೆ. ಒಟ್ಟು ಇಪ್ಪತ್ತಮೂರು ಅಂಶಗಳು. ಒಂದು, ಬೀಗಗಳು ನಾಲ್ಕು, ಪ್ರತಿಯೊಂದನ್ನೂ ಎರಡು ಸಲ ಎಳೆದು ನೋಡಬೇಕು. ಒಂಬತ್ತು, ಮಾಂಸ ಐದು ಕೆಜಿ, ಮೂಳೆ ಸಮೇತ. ಹದಿನಾಲ್ಕು, ಸೋಮವಾರ ಉಪವಾಸ. ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ ಬೆಳೆದ ನಾನು ಎರಡು ಜೊತೆ ಗ್ಲೌಸ್ ಹಾಕಿಕೊಂಡು ಮಾಂಸ ತೂಗಿ, ಟ್ರೇಯನ್ನು ಕಂಬಿಯಡಿ ತಳ್ಳಿ ಬರುತ್ತಿದ್ದೆ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ: ಕೊಟ್ಟದ್ದು, ತಿಂದದ್ದು, ಉಳಿದದ್ದು.

ಮೊದಲ ದಿನ ಉಳಿದದ್ದು ಎರಡು ಕೆಜಿ. ನಾಲ್ಕನೆಯ ದಿನ ನಾಲ್ಕು. ಎಂಟನೆಯ ದಿನ ಐದಕ್ಕೆ ಐದೂ ಹಾಗೇ ಇತ್ತು. ಅವಳು ಒಳಗೂಡಿನ ಹುಲ್ಲಿನ ಮೇಲೆ ಗಲ್ಲವೂರಿ ಮಲಗಿದ್ದಳು. ಸರ್ಕಸ್ಸಿನಲ್ಲಿ ಉಗುರು ಕೀಳಿಸಿಕೊಂಡ ಮುಂಗಾಲುಗಳು ಬೆಕ್ಕಿನ ಪಾದಗಳಷ್ಟೇ ನಿರುಪದ್ರವಿಯಾಗಿ ಕಾಣುತ್ತಿದ್ದವು. ಹತ್ತನೆಯ ದಿನ ಪ್ರಾಣಿಗಳ ಡಾಕ್ಟರು ಬಂದು ಬೇಲಿಯಾಚೆಯಿಂದಲೇ ನೋಡಿದರು. ಶುಕ್ರವಾರದೊಳಗೆ ತಿನ್ನದಿದ್ದರೆ ಅರಿವಳಿಕೆ ಕೊಟ್ಟು ಹಲ್ಲು, ಹೊಟ್ಟೆ ಪರೀಕ್ಷಿಸುವುದು ಎಂದರು. ಹದಿನೆಂಟು ವರ್ಷದ ಸಿಂಹಿಣಿ ಅರಿವಳಿಕೆಯಿಂದ ಏಳುತ್ತಾಳೋ ಇಲ್ಲವೋ ಎಂಬುದನ್ನು ಮಾತ್ರ ಹೇಳಲಿಲ್ಲ.

ಅದನ್ನು ಹೇಳಿದ್ದು ನನ್ನ ಜೊತೆ ಮನೆ ಹಂಚಿಕೊಂಡಿದ್ದ ಅಕ್ಕ. ಆಕೆ ಹುಬ್ಬಳ್ಳಿಯಲ್ಲಿ ಓದಿದ ಡಾಕ್ಟರ್; ಕೋವಿಡ್ ವಾರ್ಡಿನ ಡ್ಯೂಟಿ ಬಿದ್ದ ದಿನದಿಂದ ನನಗೆ ಅಂಟಬಾರದೆಂದು ಮಹಡಿಯ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಇರುತ್ತಿದ್ದಳು.

“ವಯಸ್ಸಾದೋರಿಗೆ ಕೊಡೋದೇ ರಿಸ್ಕು ಕಣೇ,” ಎಂದಳು ಬಾಗಿಲಿನ ಆಚೆಯಿಂದ. “ಮನುಷ್ಯರಿಗೇ ಹಂಗೆ. ಸಿಂಹಕ್ಕೆ ನನ್ನ ಕೇಳಬೇಡ.”

ಆಕೆಯ ಊಟವನ್ನೂ ನಾನೇ ಬಾಗಿಲ ಮುಂದೆ ಇಡುತ್ತಿದ್ದೆ. ಎರಡು ಸಲ ಬಡಿದು ಇಳಿದುಹೋಗುತ್ತಿದ್ದೆ. ಬುಧವಾರ ಸಂಜೆ ಹಾಗೇ ಇಟ್ಟು ಮೂರು ಮೆಟ್ಟಿಲು ಇಳಿದಿದ್ದೆ, ಒಳಗಿನಿಂದ ಕೂಗಿದಳು.

“ಏ, ತಟ್ಟೆ ಇಟ್ಟು ಓಡಿಹೋಗ್ತೀಯಲ್ಲ, ನಾನೇನು ನಿನ್ನ ಸಿಂಹಾನಾ?”

“ನೀನು ಊಟ ಮಾಡು ಅಂತ ಅಕ್ಕಾ.”

“ಹನ್ನೆರಡು ಗಂಟೆ ಮಾಸ್ಕ್ ಹಾಕ್ಕೊಂಡು ಬಂದು ಗೋಡೆ ನೋಡ್ತಾ ತಿನ್ನಬೇಕು ನಾನು. ಇಳೀತಾ ಇಲ್ಲ ಗಂಟಲಲ್ಲಿ. ನಿಂದೂ ತಗೊಂಬಾ. ಅಲ್ಲೇ ಮೆಟ್ಟಿಲ ಮೇಲೆ ಕೂತ್ಕೊ.”

ನಾನು ತಟ್ಟೆ ತಂದು ಕೂತೆ. ಬಾಗಿಲು ಮುಚ್ಚಿಯೇ ಇತ್ತು. ಅವಳ ಚಮಚದ ಸದ್ದು ನನಗೆ, ನಾನು ಹಪ್ಪಳ ಮುರಿಯುವ ಸದ್ದು ಅವಳಿಗೆ. ಹಪ್ಪಳ ತನಗೇಕೆ ಕೊಡಲಿಲ್ಲ ಎಂದು ಜಗಳ ತೆಗೆದಳು. ವಾರದಿಂದ ಅರ್ಧಕ್ಕರ್ಧ ಅನ್ನ ಉಳಿದು ಬರುತ್ತಿದ್ದ ತಟ್ಟೆ ಅಂದು ಖಾಲಿಯಾಗಿ ಹೊರಬಂತು.

ತಟ್ಟೆ ತೊಳೆಯುವಾಗ ಕೈ ನಿಂತಿತು. ನಾನು ಸಿಂಹಿಣಿಗೂ ಇದನ್ನೇ ಮಾಡುತ್ತಿದ್ದೆ. ಟ್ರೇ ತಳ್ಳಿ, ಬೆನ್ನು ತಿರುಗಿಸಿ, ಅವಳ ಕಣ್ಣಿಗೆ ಕಾಣದ ಕಡೆ ಹೋಗಿ ನಿಲ್ಲುತ್ತಿದ್ದೆ. ಅದು ಇಪ್ಪತ್ತಮೂರು ಅಂಶಗಳಲ್ಲಿ ಇರಲಿಲ್ಲ. ತಿನ್ನುವವರನ್ನು ನೋಡಬಾರದು, ದೃಷ್ಟಿಯಾಗುತ್ತದೆ ಎಂದು ಅಮ್ಮ ಚಿಕ್ಕಂದಿನಲ್ಲಿ ಕಲಿಸಿದ್ದು. ಯೋಚನೆಯಿಲ್ಲದೆ ಮೈಸೂರಿನ ಊಟದ ಮನೆಯ ಮರ್ಯಾದೆಯನ್ನು ಸಿಂಹದ ಗೂಡಿಗೆ ತಂದಿದ್ದೆ.

ಅಜ್ಜನಿಗೆ ಫೋನ್ ಮಾಡಿದೆ.

“ಅವಳು ತಿನ್ನುವಾಗ ನೀವು ಎಲ್ಲಿ ಇರ್ತಿದ್ರಿ?”

“ಎಲ್ಲಿ ಅಂದ್ರೆ? ಬಕೆಟ್ ಮಗುಚಿ ಹಾಕಿ ಅದರ ಮೇಲೆ. ನಂದೂ ಸ್ಯಾಂಡ್‌ವಿಚ್ ಆಗೋದು ಆಗಲೇ.”

“ನೀವು ಅದನ್ನ ಹೇಳಲೇ ಇಲ್ಲ!”

“ನೀನು ಕೇಳಿದ್ದು ಕೆಲಸದ ಬಗ್ಗೆ ಅಲ್ವಾ ಮಗೂ. ಅದು ನನ್ನ ತಿಂಡಿ.”

ಗುರುವಾರ ಬೆಳಿಗ್ಗೆ ಡಬ್ಬಿಯಲ್ಲಿ ಮೊಸರನ್ನ ತೆಗೆದುಕೊಂಡು ಹೋದೆ. ಬೀಗ ನಾಲ್ಕು, ಎರಡೆರಡು ಸಲ. ಟ್ರೇ ತಳ್ಳಿ, ಗ್ಲೌಸ್ ಬಿಚ್ಚಿ, ಕೈ ತೊಳೆದು, ಹೊರ ಬೇಲಿಯ ಈಚೆ ಬಕೆಟ್ ಮಗುಚಿ ಅವಳಿಗೆ ಎದುರಾಗಿ ಕೂತೆ. ಅವಳು ತಲೆಯೆತ್ತಲಿಲ್ಲ. ಮಾಂಸದ ವಾಸನೆಗೆ ಮೊದಲ ತುತ್ತು ನನ್ನ ಬಾಯಲ್ಲೇ ನಿಂತಿತು; ಕಣ್ಣು ಮುಚ್ಚಿ ನುಂಗಿದೆ. ಮಾಸ್ಕು ಗಲ್ಲದ ಕೆಳಗಿತ್ತು. ನನ್ನ ಇಡೀ ಮುಖವನ್ನು ಅವಳು ಅಷ್ಟು ದಿನವೂ ನೋಡಿರಲಿಲ್ಲ ಎಂಬುದು ಆಗ ಹೊಳೆಯಿತು. ಆರನೆಯದೋ ಏಳನೆಯದೋ ತುತ್ತಿಗೆ ಹುಲ್ಲು ಸರಿದ ಸದ್ದು ಕೇಳಿತು. ಎದ್ದು, ನಿಧಾನವಾಗಿ ಟ್ರೇಯ ಹತ್ತಿರ ಬಂದು, ನನ್ನನ್ನೇ ನೋಡುತ್ತ ಒಂದು ತುಂಡನ್ನು ನೆಕ್ಕಿದಳು. ನಾನು ತಿನ್ನುವುದನ್ನು ನಿಲ್ಲಿಸಿದರೆ ಅವಳೂ ನಿಲ್ಲಿಸುತ್ತಿದ್ದಳು. ಅದಕ್ಕೇ ಡಬ್ಬಿ ಖಾಲಿಯಾದ ಮೇಲೂ ಬರಿಯ ಚಮಚವನ್ನು ಬಾಯಿಗೆ ಒಯ್ಯುತ್ತ ಇಪ್ಪತ್ತು ನಿಮಿಷ ಕೂತೆ.

ಉಳಿದದ್ದು: ಎರಡೂವರೆ ಕೆಜಿ.

ಶುಕ್ರವಾರ ಹೆಚ್ಚು ಮೊಸರನ್ನ ಒಯ್ದೆ. ಡಾಕ್ಟರು ಬರುವ ಹೊತ್ತಿಗೆ ಟ್ರೇಯಲ್ಲಿ ಒಂದು ಮೂಳೆ ಮಾತ್ರ ಇತ್ತು. ಅವರು ನನ್ನ ನೋಟ್‌ಬುಕ್ಕಿನ ಮೂರೂ ಕಾಲಂಗಳನ್ನು ಬೆರಳಿಟ್ಟು ಓದಿದರು. ಅರಿವಳಿಕೆಯ ಪೆಟ್ಟಿಗೆಯನ್ನು ತೆರೆಯದೆಯೇ ಕಾರಿನಲ್ಲಿಟ್ಟು, ಸೋಮವಾರದ ಉಪವಾಸ ಸದ್ಯಕ್ಕೆ ಬೇಡ ಎಂದಷ್ಟೇ ಹೇಳಿ ಹೊರಟರು.

ಸುದ್ದಿ ಹೇಳಲು ಅಜ್ಜನಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ: “ತಿನ್ನುವಾಗ ಅವಳ ಕಣ್ಣು ಎಲ್ಲಿತ್ತು?”

“ನನ್ನ ಡಬ್ಬಿ ಮೇಲೆ.”

“ಹಾಗಾದ್ರೆ ಗ್ರ್ಯಾಂಡ್, ಎಲ್ಲಾ ಸರಿಯಾಗಿದೆ,” ಎಂದು ಮೂಗು ಸೀಟಿದರು. “ಹುಷಾರು, ಸ್ಯಾಂಡ್‌ವಿಚ್ ಮಾತ್ರ ತರಬೇಡ. ಅದು ನನ್ನ ಜಾಗ.”