ನಮ್ಮ ಓಣಿ ‘ಊಟ ಆತೇನು’ ಅನ್ನುವುದನ್ನು ಬಿಟ್ಟದ್ದು

ನಿಮ್ಮ ಮನೆಯಲ್ಲೂ ಹೀಗಾಗಿದೆಯಾ? ಮಗು ತಟ್ಟೆಯ ಮುಂದೆ ಕೂತಿರುತ್ತದೆ, ಮನೆಮಂದಿಯೆಲ್ಲ ಅದರ ಬಾಯಿಯನ್ನೇ ನೋಡುತ್ತ ಕೂತಿರುತ್ತಾರೆ, ಯಾರ ಗಂಟಲಲ್ಲೂ ತುತ್ತು ಇಳಿಯುವುದಿಲ್ಲ. ಆಗಿದ್ದರೆ ಓದಿ. ಆಗಿಲ್ಲದಿದ್ದರೆ ನೀವು ಪುಣ್ಯವಂತರು, ಆದರೂ ಓದಿ.

ನಾವಿರುವುದು ಶಹಾಪುರದಲ್ಲಿ. ನನ್ನ ಮಗಳಿಗೆ ಹದಿನಾಲ್ಕು, ಆಟಿಸಂ ಇದೆ. ಚಿಕ್ಕಂದಿನಿಂದಲೂ ಪಲ್ಯ ಅನ್ನಕ್ಕೆ ತಾಗಿದರೆ ತಟ್ಟೆ ದೂಡುವವಳು. ಹೋದ ವರ್ಷ ಒಂದೊಂದೇ ಬಿಡುತ್ತ ಬಂದು, ಕೊನೆಗೆ ಜೋಳದ ರೊಟ್ಟಿ, ಮೊಸರು ಎರಡೇ ಉಳಿದವು. ಶಾಲೆಯಲ್ಲಿ ತಲೆ ಸುತ್ತಿ ಬಿದ್ದಳು. ಯಾದಗಿರಿಯ ಡಾಕ್ಟರಮ್ಮ ತೂಕ ನೋಡಿ, “ಹಿಂಗ ಇಳಕೋತ ಹೋದ್ರ ಅಡ್ಮಿಟ್ ಮಾಡಿ ಮೂಗಿನಾಗ ನಳಿಗಿ ಹಾಕ್ಬೇಕಾಗ್ತದ್ರಿ” ಎಂದರು. ಅಂಗಿಯ ಲೇಬಲ್ ಕತ್ತಿಗೆ ತಾಗಿದರೂ ಅಳುವ ಹುಡುಗಿ. ಮೂಗಿನಲ್ಲಿ ನಳಿಗೆಯಂತೆ!

ಹೆದರಿ ನಾನೊಂದು ದಡ್ಡತನ ಮಾಡಿದೆ. ಹೇಳದೆ ಕೇಳದೆ ರೊಟ್ಟಿ ಹಿಟ್ಟಿನಲ್ಲಿ ಶೇಂಗಾ ಪುಡಿ ಕಲಸಿ ಬಡಿದುಕೊಟ್ಟೆ. ಒಂದೇ ತುತ್ತಿಗೆ ಗೊತ್ತಾಯಿತು. “ಇದು ರೊಟ್ಟಿ ಅಲ್ಲ” ಎಂದು ಎದ್ದು ಹೋದಳು. ಮೂರು ದಿನ ಬರೀ ಮೊಸರು.

ಡಾಕ್ಟರಮ್ಮ ಬೈಯಲಿಲ್ಲ. ಈ ಕಾಯಿಲೆಗೆ ಮನೆಯವರೇ ಔಷಧಿ ಎಂದರು. ಹೊತ್ತಿಗೆ ಸರಿಯಾಗಿ ಎಲ್ಲರೂ ಅವಳ ಜೊತೆ ಕೂತು ಉಣ್ಣಬೇಕು. ಏನು, ಎಷ್ಟು ಬಡಿಸುವುದು ದೊಡ್ಡವರ ಕೆಲಸ, ಆದರೆ ಮೋಸ ಮಾಡುವಂತಿಲ್ಲ, ಹೊಸದು ಇಟ್ಟರೆ ಮೊದಲೇ ಹೇಳಬೇಕು. ಆಮೇಲೆ ಮಗಳನ್ನೇ ಕೇಳಿದರು: “ಊಟದಾಗ ಎಲ್ಲಕ್ಕಿಂತ ತ್ರಾಸ ಯಾವ್ದವ್ವಾ?” ಅದಕ್ಕೆ ಉತ್ತರವಾಗಿ ಅವಳು ಮುಂದಿನ ಸಲ ಹೋದಾಗ ಒಂದು ಚೀಟಿ ಕೊಟ್ಟಳು. ಒಂದು ಭಾನುವಾರ ಎಷ್ಟು ಸಲ “ಊಟ ಆತೇನು?” ಎಂದು ಅವಳನ್ನು ಕೇಳಿದರು ಎಂಬುದಕ್ಕೆ ಎಳೆದ ಗೆರೆಗಳು. ಹತ್ತೊಂಬತ್ತು.

ನಮ್ಮ ಕಡೆ ಅದು ನಮಸ್ಕಾರ ಇದ್ದ ಹಾಗೆ. ಉತ್ತರ ಯಾರಿಗೆ ಬೇಕು? ಅವಳಿಗೆ ಮಾತ್ರ ಅದು ನಿಜವಾದ ಪ್ರಶ್ನೆ. ಸುಳ್ಳು ಹೇಳಲು ಬಾರದು, “ಇಲ್ಲ” ಅನ್ನುತ್ತಾಳೆ. “ಯಾಕವ್ವಾ? ನೋಡ, ಹೆಂಗ ಒಣಗಿ ಹೋಗಿದಿ!” ಅಲ್ಲಿಗೆ ಮುಂದಿನ ಊಟವೂ ಹೋಯಿತು.

ಓಣಿಯ ಮನೆಮನೆಗೆ ಹೋಗಿ, ದಯವಿಟ್ಟು ಹಾಗೆ ಕೇಳಬೇಡಿ ಎಂದೆ. ನಾಚಿಕೆಯಾಯಿತು, ಇಲ್ಲವೆನ್ನುವುದಿಲ್ಲ. ಕೆಲವರು ನಕ್ಕರು. ಪಕ್ಕದ ಮನೆಯ ಖಾಲಾ ಮಾತ್ರ ನೇರ ಮಗಳ ಹತ್ತಿರವೇ ಬಂದರು.

“ಊಟ ಕೇಳಬಾರ್ದಂದ್ರ ಮತ್ತೇನ್ ಕೇಳ್ಲಿ, ಬೇಟಿ?”

“ಬಸ್ಸಿಂದು ಕೇಳ್ರಿ.” ಬಸ್ಸುಗಳ ವೇಳೆಯೆಲ್ಲ ಅವಳಿಗೆ ಬಾಯಿಪಾಠ.

ಮರುದಿನ ಖಾಲಾ ಕೇಳಿದರು: “ಸುರಪುರ ಬಸ್ ಯಾವಾಗ ಅದ?”

“ಹತ್ತು ನಿಮಿಷದಾಗ ಅದ. ಲಗೂನ ಹೋಗ್ರಿ.”

“ನಾ ಎಲ್ಲಿಗೂ ಹೊಂಟಿಲ್ಲಲ್ಲ!”

“ಮತ್ಯಾಕ ಕೇಳಿದ್ರಿ?”

ಖಾಲಾ ನಕ್ಕು ನಕ್ಕು ಕಟ್ಟೆಯ ಮೇಲೆ ಕೂತುಬಿಟ್ಟರು. ಆಮೇಲಾಮೇಲೆ ಓಣಿಯ ಉಳಿದವರೂ ಊಟ ಬಿಟ್ಟು ಬಸ್ಸಿನದೇ ಕೇಳತೊಡಗಿದರು.

ಮನೆಯೊಳಗೆ ‘ಉಣ್ಣು, ಉಣ್ಣು’ ಅನ್ನದೆ ಇರುವುದು ಕಷ್ಟವಾಗಿದ್ದು ನಮ್ಮ ಅತ್ತೆಗೆ. ಯಾರ ತಟ್ಟೆ ಖಾಲಿಯಾದರೂ ಇನ್ನೊಂದು ರೊಟ್ಟಿ ಹಾಕದೆ ಬಿಡದ ಜೀವ. “ಬಾಯಾಗ ಸೆರಗ ತುರುಕ್ಕೊಂಡು ಕುಂದರ್ತೀನಿ ತಗೋ, ಮತ್ತೇನ್ ಮಾಡ್ಲಿ!” ಎಂದು ಬೈದರು. ಹಾಗೇ ಕೂತರು ಕೂಡ. ನನ್ನ ಗಂಡ ಹತ್ತಿ ದಲಾಲಿ ಮಾಡುವ ಅಡತಿ ಅಂಗಡಿಯಲ್ಲಿ ಗುಮಾಸ್ತ. ತಲೆ ಸುತ್ತಿ ಬಿದ್ದ ಮೇಲೆ ಮಗಳಿಗೆ ಶಾಲೆ ಬಿಡಿಸಿ ಮನೆಯಲ್ಲಿಟ್ಟುಕೊಂಡಷ್ಟು ದಿನ ಮಧ್ಯಾಹ್ನ ಒಂದಕ್ಕೆ ಓಡಿ ಬಂದು, ಅವಳ ಪಕ್ಕ ಕೂತು ಉಂಡು, ಓಡಿ ಹೋಗುತ್ತಿದ್ದರು. ನಾನು ಅವಳ ಕಣ್ಣೆದುರೇ ಹಿಟ್ಟು ನಾದಿದೆ. ಅರ್ಧ ರೊಟ್ಟಿ ಒಂದಾಯಿತು, ಒಂದು ಎರಡಾಯಿತು. ಆಮೇಲೆ ಬಾಳೆಹಣ್ಣು, ಬೇರೆ ಬಟ್ಟಲಲ್ಲಿ. ಎಲ್ಲ ಸಲೀಸಾಗಿ ಆಯಿತು ಅಂದುಕೊಳ್ಳಬೇಡಿ. ನಡುವೆ ಎರಡು ವಾರ ತೂಕ ಮತ್ತೆ ಇಳಿಯಿತು, ತಟ್ಟೆ ಗೋಡೆಗೆ ಹಾರಿತು, ನಾನೂ ಕೂಗಾಡಿದೆ.

ಹೋದ ತಿಂಗಳು ಡಾಕ್ಟರಮ್ಮ, “ಅಡ್ಮಿಟ್ ಮಾಡೋ ಮಾತು ಇನ್ನ ಬ್ಯಾಡ್ರಿ” ಎಂದರು. ಅತ್ತೆ ಅಲ್ಲೇ ಕೈ ಮುಗಿದು ಅತ್ತರು.

“ಅಜ್ಜಿ ಯಾಕ ಅಳಾಕತ್ತಾಳ? ತೂಕ ಏರ್ಯಾದಲ್ಲ!” ಎಂದಳು ಮಗಳು.

ಪಲ್ಯ ಇನ್ನೂ ದೂರವೇ ಇದೆ. ಇರಲಿ. ಡಾಕ್ಟರಮ್ಮನನ್ನು, ಖಾಲಾನನ್ನು, ಬಾಯಿ ಬಿಗಿಹಿಡಿದು ಕೂತ ಅತ್ತೆಯನ್ನು ನಾನು ನೆನೆಯದ ದಿನವಿಲ್ಲ. ಎಲ್ಲರಿಗಿಂತ ಹೆಚ್ಚು, ತನ್ನ ಕಷ್ಟ ಏನೆಂದು ನಮಗೆ ತಿಳಿಯುವ ಹಾಗೆ ಬರೆದುಕೊಟ್ಟ ಮಗಳನ್ನು.

ನಿಮ್ಮ ಮನೆಯಲ್ಲಿ ಏನಾಯಿತು? ಯಾರು ಕೈಹಿಡಿದರು, ನೀವು ಎಲ್ಲಿ ಎಡವಿದಿರಿ? ಕೆಳಗೆ ಬರೆಯಿರಿ. ಎಡವಿದ್ದನ್ನು ಮುಚ್ಚಿಡಬೇಡಿ, ಇನ್ನೊಬ್ಬ ತಾಯಿಗೆ ಬೇಕಾಗಿರುವುದು ಅದೇ.