ತಂಗಿಯ ಬಾಣಂತನಕ್ಕೆ ಹುರಿದಿಟ್ಟ ಬೆಳ್ಳುಳ್ಳಿ

ತಂಗಿ ಹೆರಿಗೆಗೆಂದು ಶ್ರೀನಿವಾಸಪುರದಿಂದ ಮುಳಬಾಗಿಲಿನ ನಮ್ಮ ಮನೆಗೆ ಬಂದಾಗ ಅಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದರು. ಮನೆಯಲ್ಲಿದ್ದದ್ದು ನಾನು ಮತ್ತು ಅಪ್ಪನ ಅಕ್ಕ, ಅಂದರೆ ನಮ್ಮ ಸೋದರತ್ತೆ. ನಾನು ಮದುವೆಯಾಗಲಿಲ್ಲ. ತಾಯಲೂರಿನ ಕಡೆಯ ಒಂದು ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ, ಈಗಲೂ ಮಾಡುತ್ತೇನೆ. ಅತ್ತೆಗೆ ಎಪ್ಪತ್ತು ದಾಟಿತ್ತು. ಅವರ ಬೆರಳಿನ ಗೆಣ್ಣುಗಳೆಲ್ಲ ಊದಿಕೊಂಡು, ಒಂದು ಗುಂಡಿ ಹಾಕಿಕೊಳ್ಳುವುದಕ್ಕೂ ಕಷ್ಟಪಡುತ್ತಿದ್ದರು. ಹಾಗಾಗಿ ಬಾಣಂತನ ನನ್ನ ಪಾಲಿಗೆ ಬಂತು. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೆಣ್ಣು ಮಗು. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಅತ್ತೆ ಗೋಡೆಗೊರಗಿ ಕೂತು ಏನೇನು ಆಗಬೇಕೆಂದು ಹೇಳುತ್ತಾ ಹೋದರು. ಎಣ್ಣೆ, ಬಿಸಿನೀರು, ಮೆಣಸಿನ ಸಾರು. ಎಲ್ಲಕ್ಕಿಂತ ಮುಖ್ಯ ಬೆಳ್ಳುಳ್ಳಿ. ದಿನಕ್ಕೆ ಎರಡು ಗೆಡ್ಡೆ ಸುಲಿದು, ತುಪ್ಪದಲ್ಲಿ ಹುರಿದು, ಬಿಸಿ ಅನ್ನದ ಮೊದಲ ತುತ್ತಿಗೆ ಕೊಡಬೇಕು.

"ಹಾಲು ಇಳೀಬೇಕಂದ್ರೆ ಅದೊಂದು ತಪ್ಪಿಸ್ಬಾರದಮ್ಮಾ," ಅಂದರು. "ಆಮೇಲೆ ಇನ್ನೊಂದು. ಆ ಫ್ರಿಡ್ಜಿನ ಸಾಮಾನು ಯಾವುದೂ ಬಾಣಂತಿ ಬಾಯಿಗೆ ಹೋಗ್ಬಾರದು. ಕೂಸಿಗೆ ಶೀತ ಆಗ್ತದೆ."

ಆಗಲಿ ಅಂದೆ. ನನ್ನ ಬಸ್ಸು ಎಂಟು ಗಂಟೆಗೆ. ನಾಲ್ಕೂವರೆಗೆ ಎದ್ದು ಹಂಡೆಗೆ ನೀರು ತುಂಬಿಸಿ, ಅನ್ನಕ್ಕಿಟ್ಟು, ಬೆಳ್ಳುಳ್ಳಿ ಸುಲಿಯಲು ಕೂರುತ್ತಿದ್ದೆ. ಮನೆಯಲ್ಲಿದ್ದದ್ದು ನಾಟಿ ಬೆಳ್ಳುಳ್ಳಿ, ಎಸಳು ಕಡಲೆಕಾಳಿನಷ್ಟೇ. ಸಿಪ್ಪೆ ಉಗುರಿನೊಳಗೆ ಹೊಕ್ಕುಬಿಡುತ್ತಿತ್ತು. ಹತ್ತು ದಿನ ಕಳೆಯುವಷ್ಟರಲ್ಲಿ ಹೆಬ್ಬೆರಳ ತುದಿ ಸುಲಿದು ಕೆಂಪಗಾಗಿ, ಸೀಮೆಸುಣ್ಣ ಹಿಡಿದರೂ ಉರಿಯುತ್ತಿತ್ತು. ಒಂದು ದಿನ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಮಿಸ್, ನಿಮ್ಮನೇಲಿ ಉಪ್ಪಿನಕಾಯಿ ಹಾಕ್ತಾ ಇದೀರಾ?" ಅಂತ ಕೇಳಿದಳು. ತಮಾಷೆಗೆ ಕೇಳಿದ್ದಲ್ಲ, ನಿಜವಾಗಿಯೇ ಕೇಳಿದ್ದು. ಹೌದು ಅಂದುಬಿಟ್ಟೆ. ವಿವರಿಸುವ ಶಕ್ತಿ ಇರಲಿಲ್ಲ.

ಆ ವಾರವೇ ಬಸ್ಸಿನಲ್ಲಿ ನಿದ್ದೆ ಹೋಗಿ ಇಳಿಯುವ ಸ್ಟಾಪು ದಾಟಿಹೋಯಿತು. ಎರಡು ಕಿಲೋಮೀಟರು ಹಿಂದಕ್ಕೆ ನಡೆದು ಬಂದಾಗ ಪ್ರಾರ್ಥನೆ ಮುಗಿದಿತ್ತು. ನಮ್ಮ ಶಾಲೆಯ ಉರ್ದು ಟೀಚರು ನನ್ನನ್ನು ಸ್ಟಾಫ್ ರೂಮಿನಲ್ಲಿ ಕೂರಿಸಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಟ್ಟು, ಎಲ್ಲ ಕೇಳಿಸಿಕೊಂಡರು.

"ದಿನಾ ಯಾಕೆ ಸುಲೀತೀರಿ? ಭಾನುವಾರ ಒಂದೇ ಸಲ ಹುರಿದು ಫ್ರೀಜರಿಗೆ ಹಾಕಿ," ಅಂದರು. "ರಂಜಾನ್ ತಿಂಗಳಲ್ಲಿ ನಮ್ಮನೇಲಿ ಹಂಗೇ ಮಾಡೋದು. ಸಿಪ್ಪೆ ತೆಗೀಲೇಬೇಡಿ. ಎಸಳು ಬಿಡಿಸಿ ಬಾಂಡ್ಲಿಗೆ ಹಾಕಿ, ಮುಚ್ಚಳ ಮುಚ್ಚಿ, ಸಣ್ಣ ಉರೀಲಿ ಬಿಡಿ. ಆರಿದ ಮೇಲೆ ಒತ್ತಿದ್ರೆ ತಾನೇ ಜಾರಿ ಬರ್ತದೆ. ಮೊದಲು ತಟ್ಟೇಲಿ ಬಿಡಿಬಿಡಿಯಾಗಿ ಹರಡಿ ಗಟ್ಟಿ ಮಾಡಿ, ಆಮೇಲೆ ಡಬ್ಬಿಗೆ ತುಂಬಿ. ಇಲ್ಲಾಂದ್ರೆ ಒಂದೇ ಮುದ್ದೆ ಆಗ್ತದೆ."

ಫ್ರಿಡ್ಜಿನದು ಬಾಣಂತಿಗೆ ಕೂಡದು ಅಂತ ಅತ್ತೆ ಹೇಳಿದ್ದಾರೆ ಅಂದೆ. ಅವರು ನನ್ನ ಹೆಬ್ಬೆರಳನ್ನು ನೋಡಿದರು.

ಭಾನುವಾರ ಅತ್ತೆ ಊಟ ಮಾಡಿ ಮಲಗಿದ ಮೇಲೆ ಬಾಂಡ್ಲಿ ಇಟ್ಟೆ. ಸಿಪ್ಪೆ ಅಲ್ಲಲ್ಲಿ ಕಪ್ಪಾಗಿ, ಎಸಳು ಒಳಗೇ ಬೆಂದು, ಬೆಣ್ಣೆಯಷ್ಟು ಮೆತ್ತಗಾಯಿತು. ಒತ್ತಿದರೆ ನಿಜವಾಗಿಯೂ ಜಾರಿ ಬಂತು. ತಟ್ಟೆಯಲ್ಲಿ ಹರಡಿ ಫ್ರೀಜರಿಗೆ ತಳ್ಳಿದೆ, ಸಂಜೆ ಸ್ಟೀಲ್ ಡಬ್ಬಿಗೆ ತುಂಬಿ ಬಟಾಣಿ ಪ್ಯಾಕೆಟಿನ ಹಿಂದೆ ಇಟ್ಟೆ. ಮರುದಿನ ಬೆಳಗ್ಗೆ ಒಂದು ಹಿಡಿ ತೆಗೆದು ತುಪ್ಪಕ್ಕೆ ಹಾಕಿದರೆ ಎರಡು ನಿಮಿಷದ ಕೆಲಸ. ಘಮ ಮನೆ ತುಂಬ ಹರಡಿತು. ಅತ್ತೆ ಹಾಸಿಗೆಯಿಂದಲೇ, "ಆಯ್ತಾ ಬೆಳ್ಳುಳ್ಳಿ?" ಅಂತ ಕೇಳಿದರು. ಆಯ್ತು ಅಂದೆ. ನನಗೆ ಮುಕ್ಕಾಲು ಗಂಟೆ ಹೆಚ್ಚು ನಿದ್ದೆ ಸಿಕ್ಕಿತು. ಅಷ್ಟಕ್ಕಾಗಿ ಅತ್ತೆಯಿಂದ ಮುಚ್ಚಿಟ್ಟೆ.

ಮೂರು ವಾರ ಹಾಗೆಯೇ ನಡೆಯಿತು. ನಾಲ್ಕನೇ ವಾರ ಮಗುವಿಗೆ ಮೂಗು ಕಟ್ಟಿತು. ಹಾಲು ಕುಡಿಯಲಾಗದೆ ರಾತ್ರಿಯೆಲ್ಲ ಅತ್ತಿತು. ಮರುದಿನವೇ ಲೈನ್ ಕೆಲಸವೆಂದು ಬೆಳಗ್ಗೆಯಿಂದ ಕರೆಂಟು ತೆಗೆದಿದ್ದರು. ಸಂಜೆ ನಾನು ಬಾಗಿಲು ದಾಟುವಾಗ ಫ್ರಿಡ್ಜಿನ ಕೆಳಗೆ ಹಳೇ ಸೀರೆ ಹಾಸಿತ್ತು. ಐಸು ಕರಗಿ ಸುರಿದ ನೀರು ಒರೆಸಲು ಹೋದ ಅತ್ತೆ ಫ್ರೀಜರು ತೆಗೆದಿದ್ದರು. ಸ್ಟೀಲ್ ಡಬ್ಬಿ ಮುಚ್ಚಳ ತೆಗೆದು ನಡುಮನೆಯಲ್ಲಿಟ್ಟಿತ್ತು.

"ಇದೇನಮ್ಮಾ?" ಅಂದರು ಅತ್ತೆ. ದನಿ ಎತ್ತಲಿಲ್ಲ.

"ಬೆಳ್ಳುಳ್ಳಿ."

"ಅದು ಕಾಣ್ತದೆ. ಎಷ್ಟು ದಿನದಿಂದ?"

ಹೇಳಿದೆ.

"ಐಸಿನಾಗಿಂದು ತಿನ್ನಿಸಿ ಕೂಸಿಗೆ ಶೀತ ಮಾಡಿದ್ದೀಯ. ನಿಮ್ಮಮ್ಮ ಇದ್ದಿದ್ರೆ ಹಿಂಗೆ ಮಾಡ್ತಿದ್ಲಾ?"

ಬ್ಯಾಗು ಹೆಗಲಲ್ಲಿ ಇದ್ದಂತೆಯೇ ನೆಲದ ಮೇಲೆ ಕೂತುಬಿಟ್ಟೆ. ಅಳು ಬಂದಿದ್ದರೆ ಚೆನ್ನಾಗಿತ್ತು, ಅದಕ್ಕೂ ಸುಸ್ತು. ಅಮ್ಮ ಏನು ಮಾಡುತ್ತಿದ್ದಳೋ ನನಗೆ ಗೊತ್ತಿಲ್ಲ. ಅವಳು ಎಂಟು ಗಂಟೆಯ ಬಸ್ಸು ಹಿಡಿಯಬೇಕಿರಲಿಲ್ಲ ಅಂತ ಒಮ್ಮೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಬೇಜಾರಾಯಿತು.

ತಂಗಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಕೋಣೆಯಿಂದ ಬಂದಳು.

"ಅತ್ತೆ, ನನಗೆ ಮೊದಲ ದಿನವೇ ಗೊತ್ತಾಯ್ತು," ಅಂದಳು. "ಒಂದೆರಡು ಎಸಳು ಒಳಗೆ ಇನ್ನೂ ತಣ್ಣಗಿದ್ವು."

"ಗೊತ್ತಿದ್ದೂ ತಿಂದ್ಯಾ?"

"ತಿಂದೆ. ಹೇಳಿದ್ರೆ ಅಕ್ಕ ಮತ್ತೆ ನಾಲ್ಕೂವರೆಗೆ ಏಳ್ತಾಳೆ."

ಅತ್ತೆ ಒದ್ದೆ ಸೀರೆಯನ್ನು ಹಿಂಡಲು ನೋಡಿದರು. ಬೆರಳು ಮಡಚಲಿಲ್ಲ. ನಾನು ಎದ್ದು ಹೋಗಿ ಹಿಂಡಿದೆ.

ಮರುದಿನ ಅರ್ಧ ದಿನ ರಜೆ ಹಾಕಿ, ಮಗುವನ್ನು ಊರಿನಲ್ಲೇ ಇರುವ ಮಕ್ಕಳ ಡಾಕ್ಟರ ಬಳಿಗೆ ಒಯ್ದೆವು. ಅತ್ತೆಯೂ ಬಂದರು. ಡಾಕ್ಟರು ನನ್ನ ಮುಖ ನೋಡಿ, "ಪೇಷಂಟು ಯಾರು, ಮಗೂನಾ, ನೀವಾ?" ಅಂದರು. ಮಗುವಿಗೆ ಬರೀ ನೆಗಡಿ. ಮೂಗಿಗೆ ಹಾಕಲು ಉಪ್ಪುನೀರಿನ ಹನಿ ಬರೆದುಕೊಟ್ಟರು. ಏಳುವ ಮೊದಲು ಅತ್ತೆ ಐಸಿನ ಬೆಳ್ಳುಳ್ಳಿಯ ವಿಷಯ ಕೇಳಿಯೇಬಿಟ್ಟರು. ಅದರಿಂದ ನೆಗಡಿ ಬರುವುದಿಲ್ಲ, ಚೆನ್ನಾಗಿ ಬಿಸಿಮಾಡಿ ಕೊಡಿ, ಕರಗಿ ಹೋದದ್ದನ್ನು ಮಾತ್ರ ಮತ್ತೆ ಫ್ರೀಜರಿಗೆ ಇಡಬೇಡಿ ಅಂದರು ಡಾಕ್ಟರು. ಮನೆಗೆ ಬಂದು ಡಬ್ಬಿಯಲ್ಲಿದ್ದದ್ದನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿದೆ.

ಅತ್ತೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಭಾನುವಾರ ನಾನು ಬಾಂಡ್ಲಿ ಇಳಿಸಿ ಎಸಳುಗಳನ್ನು ಆರಲು ಹಾಕಿದಾಗ ಬಂದು ಎದುರಿಗೆ ಕೂತರು. ಒಂದು ಎಸಳು ತೆಗೆದುಕೊಂಡು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು. ಅದು ಜಾರಿ ತಟ್ಟೆಗೆ ಬಿತ್ತು. ಇನ್ನೊಂದು ತೆಗೆದುಕೊಂಡರು. ಹಸಿ ಬೆಳ್ಳುಳ್ಳಿಯ ಸಿಪ್ಪೆ ಕೀಳಲಾರದ ಆ ಬೆರಳುಗಳಿಗೆ ಇದು ಬಗ್ಗಿತು. ಹಾಗೆಯೇ ಒಂದು ತಟ್ಟೆ ತುಂಬಿಸಿದರು.

"ನನ್ನ ಕೈ ನೆಟ್ಟಗಿದ್ದಿದ್ರೆ ನಿನಗ್ಯಾಕಮ್ಮಾ ಇದೆಲ್ಲ," ಅಂದರು, ತಟ್ಟೆಯಿಂದ ಕಣ್ಣೆತ್ತದೆ. ಇನ್ನೊಂದು ಎಸಳು ಒತ್ತಿ, "ವಾರಕ್ಕೆಲ್ಲ ಬೇಡ. ಮೂರು ದಿನಕ್ಕಾಗೋಷ್ಟು ಮಾಡು," ಅಂದರು.

ನಾನು ಐದು ದಿನ ಅಂದೆ. ಕೊನೆಗೆ ನಾಲ್ಕು ದಿನಕ್ಕೆ ಒಪ್ಪಿದರು.

ಮೂರು ತಿಂಗಳು ತುಂಬಿದ ಮೇಲೆ ತಂಗಿಯ ಗಂಡ ಬಂದು ಅವಳನ್ನೂ ಮಗುವನ್ನೂ ಕರೆದುಕೊಂಡು ಹೋದ. ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ಅತ್ತೆ ಬಾಗಿಲಲ್ಲಿ ನಿಂತಿದ್ದರು. ನಾನು ಒಳಗೆ ಬಂದು, ಬಾಣಂತಿ ಕೋಣೆಯ ಮಂಚದ ಮೇಲೆ ಹಾಗೇ ಅಡ್ಡಾದೆ. ದಿಂಬಿನಲ್ಲಿ ಎಳೆಗೂಸಿನ ಎಣ್ಣೆಯ ವಾಸನೆಯಿತ್ತು. ಎದ್ದಾಗ ಮಧ್ಯಾಹ್ನ ಮೂರು ದಾಟಿತ್ತು. ಅತ್ತೆ ಎಬ್ಬಿಸಿರಲಿಲ್ಲ, ತಾವೂ ಉಂಡಿರಲಿಲ್ಲ. ಇಬ್ಬರೂ ಮೊಸರನ್ನ ಕಲಸಿಕೊಂಡು ತಿಂದೆವು.